ಉಪ್ಪು ಎರಡು ಸೇರು

ಎನಿಡ್, ನಿನ್ನ ಕಾರ್ಡು ಹದಿನೆಂಟು ದಿನಕ್ಕೆ ಬಂತು.
ತೋಡೂರು ಕಾಲನಿಯ ಪೋಸ್ಟಮನ್ ಸ್ಟಾಂಪಿನ ಮುಖ ನೋಡಿ
‘ಇವರಿಗೆ ಇನ್ನೂ ರಾಜನೇ?’ ಅಂದ.
ಇದ್ದಾನೆ, ಆದರೆ ಸುಮ್ಮನಿರುತ್ತಾನೆ, ಅಂದೆ.
‘ಅದೇ ಒಳ್ಳೇದು’ ಅಂತ ಸೈಕಲ್ ಹತ್ತಿದ.

ಎಂಬತ್ತೊಂದರ ನಿನ್ನನ್ನು ಮತಗಟ್ಟೆಯಿಂದ ವಾಪಸ್ ಕಳಿಸಿದರಂತೆ,
ಫೋಟೋ ಇರುವ ಕಾಗದ ಇಲ್ಲವೆಂದು.
ಕೇಳಿದವಳು ನಾವಿಬ್ಬರೇ ಹೆರಿಗೆ ಮಾಡಿಸಿದ ಮಗು,
ಎಪ್ಪತ್ತೊಂಬತ್ತರ ಹಿಮದ ರಾತ್ರಿ
ಕಾಲು ಮುಂದಾಗಿ ಬಂದವಳು.
ಅವಳ ಗುರುತು ನಿನಗಿತ್ತು.
ನಿನ್ನ ಗುರುತು ಅವಳಿಗೆ ಬೇಕಾಯಿತು.

ನನ್ನ ಮೊದಲ ಮತ ನೆನಪಿದೆಯೇ?
ಇಗರ್ಜಿಯ ಹಿಂದಿನ ಕೋಣೆ, ಮಡಚಿಟ್ಟ ಪಿಂಗ್‌ಪಾಂಗ್ ಮೇಜು,
ಬಾಗಿಲಲ್ಲಿ ಯಾರದೋ ಒದ್ದೆ ನಾಯಿ.
ಕಾಮನ್‌ವೆಲ್ತಿನವಳೆಂದು ನನಗೂ ಹಕ್ಕು.
ಶೇವಂತಿ ತಾಂಡೇಲ, ಅಂದೆ.
ಗುಮಾಸ್ತ ಮೂರು ಸಲ ತಪ್ಪಾಗಿ ಹೇಳಿ ಚೀಟಿ ಕೊಟ್ಟ.
ಅಷ್ಟೇ.
ದಾರ ಕಟ್ಟಿದ ಪೆನ್ಸಿಲ್ಲು.
ಪೆನ್ಸಿಲ್ಲೇ? ಯಾರಾದರೂ ಅಳಿಸಿದರೆ?
‘ಯಾಕೆ ಅಳಿಸುತ್ತಾರೆ?’ ಅಂದಿ ನೀನು.
ನಕ್ಕೆ. ಮನೆಗೆ ಬಂದ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ನಾನು ಗುರುತು ಹಾಕಿದವ ಸೋತ; ಹತ್ತೊಂಬತ್ತು ವರ್ಷ, ಪ್ರತಿ ಸಲವೂ.
ಮೂವರಲ್ಲಿ ಒಬ್ಬ ಎಳೆದ ಕಡೆ ಇಡೀ ದೋಣಿ ತಿರುಗುವ
ಲೆಕ್ಕ ನಿಮ್ಮದು. ಹೋಗುವಾಗ ನಮಗೂ ಕಲಿಸಿ ಹೋದಿರಿ.
ಬರೆದಿಡದ ಸಂವಿಧಾನವೆಂದು ನಿನಗೆ ಹೆಮ್ಮೆ.
ಮೀನುಪೇಟೆಯಲ್ಲಿ ಸಾಲವೂ ಹಾಗೇ, ಬಾಯಿಮಾತಿನದು,
ಎದುರಿನವಳಿಗೆ ನಾಚಿಕೆ ಇರುವ ತನಕ ನಡೆಯುತ್ತದೆ.
ನಮ್ಮದು ದಪ್ಪನೆ ಬರೆದಿಟ್ಟಿದೆ.
ಓದಿ ಹೇಳುವವರು ದುಬಾರಿ.

ಮೆರವಣಿಗೆಯ ಸದ್ದು ಹೆಚ್ಚಾದರೂ ಅಲ್ಲೀಗ ಪೊಲೀಸರು ತಡೆಯಬಹುದಂತೆ.
ಬೈತಖೋಲದ ಧಕ್ಕೆಯಲ್ಲಿ ಇದನ್ನು ಹೇಳಿದರೆ
ಮಾದೇವಿ ಹರಿಕಂತ್ರ ಬುಟ್ಟಿ ಕೆಳಗಿಟ್ಟು ನಕ್ಕಳು:
‘ಹಾಗಾದರೆ ನಾನು ಬಂಗಡೆ ಮಾರುವುದೇ ಅಪರಾಧ!’
ಆ ನಗುವಿಗೇ ಎರಡು ಕಾಗೆ ಹಾರಿದವು.

ನನ್ನಜ್ಜಿ ಅಂಕೋಲೆಯವಳು. ಉಪ್ಪು ಎತ್ತಿದವಳು.
ನಿಮ್ಮ ಸರಕಾರದ ಫೌಜದಾರ (ನಮ್ಮವನೇ, ಕುಮಟೆಯವನು)
ಹೆಸರು ಕೇಳಿದ. ಹೇಳಲಿಲ್ಲ.
ಗಂಡನ ಹೆಸರು?
ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಅಂದಳು.
ದಫ್ತರದಲ್ಲಿ ಬರೆದುಕೊಂಡರು:
ಹೆಂಗಸು ಒಂದು. ಉಪ್ಪು ಎರಡು ಸೇರು.
ಇಪ್ಪತ್ತು ದಿನ ಅದೇ ಅವಳ ಹೆಸರು.

ಅರ್ಗಾದಲ್ಲಿ ನಮ್ಮ ಮನೆಯಿದ್ದ ಜಾಗ
ಈಗ ನೌಕಾನೆಲೆಯ ಗೋಡೆಯಾಚೆ.
ದೇಶಕ್ಕೆ ಬೇಕಿತ್ತು, ಕೊಟ್ಟೆವು.
ಕೊಟ್ಟೆವು ಅಂತಲೇ ಕಾಗದದಲ್ಲಿದೆ.
ಹೋದ ತಿಂಗಳು ಗೇಟಿನ ಹತ್ತಿರ ಹೋಗಿ ನಿಂತೆ,
ಬಾವಿ ಪಕ್ಕದ ಹೊನ್ನೆಮರ ಕಾಣುತ್ತದೋ ಅಂತ.
ರೈಫಲ್ ಹಿಡಿದ ಹುಡುಗ, ಮೊಮ್ಮಗನ ಪ್ರಾಯ,
‘ಮಾಂಜೀ, ಪಾಸ್’ ಅಂದ.
ಮರ್ಯಾದೆಯಿಂದಲೇ ಅಂದ. ಅದೇ ಕಷ್ಟ ಮಾರಾಯ್ತಿ,
ಬೈದಿದ್ದರೆ ತಿರುಗಿ ಬೈಯಬಹುದಿತ್ತು.
ನಿನ್ನ ಹುಡುಗಿಯೂ ಮರ್ಯಾದೆಯಿಂದಲೇ ಕೇಳಿರಬೇಕು.

ಮುಂದಿನ ಸಲ ಬಸ್ ಪಾಸ್ ಒಯ್ದು ತೋರಿಸು ಎನ್ನಲೋ,
ಬರಿಗೈಯಲ್ಲೇ ಹೋಗಿ ಮೇಜಿನ ಮುಂದೆ ನಿಂತಿರು ಎನ್ನಲೋ
ತಿಳಿಯುವುದಿಲ್ಲ.
ನಾನಂತೂ ಒಯ್ಯುವವಳು. ಅಜ್ಜಿಯ ಗಟ್ಟಿ ನನಗೆ ಬರಲಿಲ್ಲ.
ಕಳೆದ ಚುನಾವಣೆಗೆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ,
ಮೇಲೊಂದು ರಬ್ಬರ್ ಬ್ಯಾಂಡು ಹಾಕಿ ಒಯ್ದಿದ್ದೆ.
ಬೆರಳಿಗೆ ತಾರ್ಲೆಯ ಎಣ್ಣೆ. ಶಾಯಿ ಜಾರಿತು.
ಎರಡು ಸಲ ಹಚ್ಚಿದರು.

ಇದನ್ನು ನೀನು ಓದಲಾರೆ, ಕನ್ನಡದಲ್ಲಿದೆ.
ನಿನಗೆ ಕಳಿಸುವ ಕಾಗದ ಬೇರೆ.
ಅದರಲ್ಲಿ ಸೆಖೆ, ಮಂಡಿನೋವು,
ಬಂಗಡೆಯ ರೇಟು.